ಗೋಲಿಯಿಲ್ಲದ ಸೂಪು

ಒಣಗಿ ಕಲ್ಲಾದ ಬ್ರೆಡ್ಡಿನ ಫೋಟೋ ತೆಗೆದರೂ ನೋಡಿದವರ ಬಾಯಲ್ಲಿ ನೀರೂರಬೇಕು, ಅಂಥ ಕೈಚಳಕ ಆ ಸೊಸೆಯದು. ಅಡುಗೆ ಪುಸ್ತಕಗಳಿಗೆ, ಹೋಟೆಲಿನ ಮೆನು ಕಾರ್ಡುಗಳಿಗೆ ತಿಂಡಿ ತಿನಿಸಿನ ಫೋಟೋ ತೆಗೆಯುವುದು ಅವಳ ಕಸುಬು. ಮನೆಯ ಊಟದ ಮೇಜೇ ಸ್ಟುಡಿಯೋ, ಪಕ್ಕದ ದೊಡ್ಡ ಕಿಟಕಿಯೇ ದೀಪ. ಬಟ್ಟಲಿಗೆ ಹಾಲಿನ ಬದಲು ಬಿಳಿ ಅಂಟು ಸುರಿಯುತ್ತಿದ್ದಳು, ಮೇಲೆ ಹಾಕಿದ ಹಣ್ಣು ಮುಳುಗದಿರಲಿ ಎಂದು. ಸೂಪಿನ ತಳಕ್ಕೆ ಗಾಜಿನ ಗೋಲಿ ಹಾಕುತ್ತಿದ್ದಳು, ತರಕಾರಿ ಮೇಲೆದ್ದು ಕಾಣಲಿ ಎಂದು. ಹಿಂದೆ ಏಳುವ ಹಬೆ ಬಿಸಿ ಮಾಡಿದ ಒದ್ದೆ ಹತ್ತಿಯದು. ಇದನ್ನೆಲ್ಲ ನೋಡಬಹುದಿತ್ತೇ ಹೊರತು ತಿನ್ನುವಂತಿರಲಿಲ್ಲ.

ತಿಂದವರು ಒಬ್ಬರೇ, ಅವಳ ಮಾವ.

ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಮನುಷ್ಯ. ಹದಿನೈದು ದಿನ ಜ್ವರದಲ್ಲಿ ಮಲಗಿ ಎದ್ದಾಗ ಅವರಿಗೆ ಏನೂ ರುಚಿಸುತ್ತಿರಲಿಲ್ಲ. ಆದರೂ ಮೇಜಿನ ಮೇಲಿನ ಕೇಕು ಕಂಡು ಆಸೆಯಾಯಿತು. ಒಂದು ದೊಡ್ಡ ಚಮಚ ಬಾಯಿಗಿಟ್ಟರು. ಮೇಲಿದ್ದದ್ದು ಕೆನೆಯಲ್ಲ, ಗಡ್ಡ ಬೋಳಿಸುವ ನೊರೆ.

ಅಲ್ಲಿಗೆ ಮುಗಿಯಿತು. ಅಂದಿನಿಂದ ಸೊಸೆ ಏನು ತಂದಿಟ್ಟರೂ ಮಾವ ಗಡಿಯಾರ ನೋಡುತ್ತಿದ್ದ ಹಳೆಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ತಟ್ಟೆಯ ಮೇಲೆ ಬಾಗುತ್ತಿದ್ದರು. ತಾವೇ ಸುಲಿದ ಬಾಳೆಹಣ್ಣು, ತಾವೇ ಹಿಡಿದ ನಲ್ಲಿ ನೀರು, ಇಷ್ಟೇ ಒಳಗೆ ಹೋಗುತ್ತಿದ್ದುದು. ಮೊನ್ನೆ ತೂಕ ನೋಡಿದ ಡಾಕ್ಟರು, "ಸೋಮವಾರದೊಳಗೆ ಇನ್ನೂ ಇಳಿದ್ರೆ ಆಸ್ಪತ್ರೆಗೆ ಸೇರಿಸಿ, ಮೂಗಿಗೆ ನಳಿಕೆ ಹಾಕ್ಬೇಕಾಗುತ್ತೆ" ಎಂದಿದ್ದರು. ಗಂಡನೋ ರೈಲು ಓಡಿಸುವವನು, ವಾರಕ್ಕೆರಡು ದಿನ ಮನೆಯಲ್ಲಿದ್ದರೆ ಹೆಚ್ಚು.

ಗುರುವಾರ ಮಧ್ಯಾಹ್ನ ನಿಜವಾದ ತರಕಾರಿ ಸೂಪು ಮಾಡಿ ಬ್ರೆಡ್ಡಿನ ಜೊತೆ ತಂದಿಟ್ಟಳು. ಮಾವ ಬಾಗಿ ನೋಡಿದರು.

"ಕ್ಯಾರೆಟ್ ಯಾಕಮ್ಮ ಇಷ್ಟು ಮಿನುಗ್ತಿದೆ?"

ಸೊಸೆ ನಾಲಿಗೆ ಕಚ್ಚಿಕೊಂಡಳು. ಕೈ ತನ್ನ ಪಾಡಿಗೆ ಬ್ರಷ್ ಹಿಡಿದು ಎಣ್ಣೆ ಸವರಿಬಿಟ್ಟಿತ್ತು. ಬಟ್ಟಲನ್ನು ಒಳಗೆ ಒಯ್ದು, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಕದಡಿ, ಅಂಚಿಗೆಲ್ಲ ಚೆಲ್ಲಿಕೊಂಡಂತೆ ಬಡಿಸಿ ತಂದಳು. ಮಾವ ಮತ್ತೆ ಬಾಗಿದರು.

"ಬೇಕೂಂತ ಕೆಡಿಸಿದ್ದೀಯ. ಇದೂ ನಿನ್ನ ಫೋಟೋ ಕೆಲಸಾನೇ."

ಸೊಸೆಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. "ಸೋಮವಾರ ನಿಮ್ಮನ್ನ ಆಸ್ಪತ್ರೇಲಿ ಬಿಟ್ಟು ಬರೋಕೆ ನನ್ನ ಕೈಲಾಗಲ್ಲ ಮಾವ. ನಂಗೆ ಭಯ ಆಗ್ತಿದೆ" ಎಂದಳು.

ಮಾವ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು. "ನಿನ್ನ ಕೆಲಸದ ಮೇಲೆ ಕೋಪ ಇಲ್ಲ ಕಣಮ್ಮ. ನನ್ನ ಅಂಗಡಿ ಕಿಟಕೀಲಿದ್ದ ಗಡಿಯಾರಗಳೆಲ್ಲ ಹತ್ತು ಗಂಟೆ ಹತ್ತು ನಿಮಿಷ ತೋರಿಸ್ತಿದ್ವು. ಹಂಗಿಟ್ರೆ ನಗ್ತಿರೋ ಮುಖದ ಥರ ಕಾಣುತ್ತೆ. ಒಂದೂ ಓಡ್ತಿರಲಿಲ್ಲ."

"ಮತ್ತೆ ಜನ ನಿಮ್ಮನ್ನ ಹೇಗೆ ನಂಬ್ತಿದ್ರು?"

"ರಿಪೇರಿ ಆಗಿದ್ದನ್ನ ಒಂದು ದಿನ ನನ್ನ ಕೈಗೇ ಕಟ್ಕೊಂಡು ಓಡಾಡ್ತಿದ್ದೆ. ಸರಿಯಾಗಿದ್ರೆ ಮಾತ್ರ ಕೊಡ್ತಿದ್ದೆ."

ಸೊಸೆ ಯೋಚಿಸಿದಳು. ಮದುವೆಯಾಗಿ ಬಂದು ಆರು ವರ್ಷ. ಮಾವನ ಎದುರು ಕೂತು ಅವಳು ಉಂಡದ್ದು ಯಾವಾಗ? ಬೆಳಕು ಹೋಗುವುದರೊಳಗೆ ಫೋಟೋ ಮುಗಿಯಬೇಕೆಂಬ ಆತುರದಲ್ಲಿ ಒಲೆಯ ಪಕ್ಕ ನಿಂತೇ ಏನಾದರೂ ಬಾಯಿಗೆ ಹಾಕಿಕೊಂಡು ಓಡುವವಳು. ಮಾವ ಅವಳ ಅಡುಗೆ ನೋಡಿದ್ದರು, ಅದನ್ನು ಅವಳು ತಿನ್ನುವುದನ್ನು ನೋಡಿರಲೇ ಇಲ್ಲ.

ಕುರ್ಚಿ ಎಳೆದುಕೊಂಡು ಕೂತಳು. ಮಾವನ ಬಟ್ಟಲನ್ನೇ ತನ್ನತ್ತ ಸರಿಸಿಕೊಂಡು ಒಂದು ಚಮಚ ಕುಡಿದಳು. ಬೆಳಗ್ಗೆಯಿಂದ ಹೊಟ್ಟೆ ಖಾಲಿಯಿತ್ತು, ಮೆಣಸು ಹದವಾಗಿತ್ತು. ಎರಡನೆಯದು, ಮೂರನೆಯದು. ಬ್ರೆಡ್ಡು ಮುರಿದು ಅದ್ದಿಕೊಂಡಳು. ಎದುರಿಗೆ ಯಾರಿದ್ದಾರೆಂಬುದೂ ಮರೆತುಹೋಯಿತು.

ಇನ್ನೊಂದು ಚಮಚ ಬಂದು ಬಟ್ಟಲಿಗಿಳಿಯಿತು. ತಳದಲ್ಲೊಂದು ಸುತ್ತು ಹುಡುಕಿತು. ಗೋಲಿಯ ಸದ್ದು ಬರಲಿಲ್ಲ.

"ಪೂರ್ತಿ ನೀನೇ ಮುಗಿಸ್ತೀಯೇನು?" ಎಂದು ಮಾವ ಬಟ್ಟಲನ್ನು ಎಳೆದುಕೊಂಡರು.

ಸೋಮವಾರ ತೂಕದ ಯಂತ್ರದ ಮುಳ್ಳು ಹಿಂದಿನ ಸಲಕ್ಕಿಂತ ಅರ್ಧ ಕಿಲೋ ಮೇಲೆ ಹತ್ತಿತ್ತು. ಡಾಕ್ಟರು ಯಾವ ಟಾನಿಕ್ ಕೊಟ್ಟಿರಿ ಎಂದು ಸೊಸೆಯನ್ನು ಕೇಳಿದರು. ಉತ್ತರ ಕೊಟ್ಟದ್ದು ಚಪ್ಪಲಿ ಹಾಕಿಕೊಳ್ಳುತ್ತಿದ್ದ ಮಾವ.

"ಟಾನಿಕ್ ಏನಿಲ್ಲ ಡಾಕ್ಟ್ರೇ. ಇವಳು ಈಗ ನನ್ನ ಜೊತೆ ಕೂತು ಊಟ ಮಾಡ್ತಾಳೆ."