ಅಕ್ಕಿಕಾಳಿನಷ್ಟು ಕಣ್ಣು

ಹಸಿರು — ಅಲ್ಲ, ಭ್ರಮೆಯಿರಬೇಕು, ಕತ್ತಲೆ ಕೋಣೆಗೆ ಬಂದು ಎರಡು ನಿಮಿಷವೂ ಆಗಿಲ್ಲ, ಸೂಕ್ಷ್ಮದರ್ಶಕದ ಅಂಚಿನಲ್ಲಿ ಏನೋ ಮಿನುಗಿತು, ಇಸಾಬೆಲ್ ಉಸಿರು ಬಿಗಿಹಿಡಿದು ಗುಂಡಿ ತಿರುಗಿಸಿದಳು, ಮತ್ತೆ ಬರೀ ಕಪ್ಪು, ಹದಿನಾಲ್ಕು ವರ್ಷ ಕುವೈತಿನ ಈ ಲ್ಯಾಬಿನಲ್ಲಿ ಯಾರ್ಯಾರದೋ ಮಾಂಸದ ಚೂರುಗಳನ್ನು ಗಾಜಿನ ಮೇಲೆ ಕೂರಿಸಿದವಳು, ಇವತ್ತು ಗಾಜಿನ ಮೇಲಿರುವುದು ಗಂಡನ ಕಣ್ಣು — ಕಣ್ಣಲ್ಲ, ಬಿಳಿಗುಡ್ಡೆಯ ಮೇಲಿನ ಪೊರೆಯ ಒಂದು ಚೂರು, ತೆನೆಹಬ್ಬದ ದಿನ ಹಾಲಿಗೆ ಹಾಕುವ ಹೊಸ ಅಕ್ಕಿಕಾಳಿನಷ್ಟು, ಅದೂ ಡೋಲ್ಫಿಯ ಒಳ್ಳೆಯ ಕಣ್ಣಿನಿಂದ ಕತ್ತರಿಸಿದ್ದು. ಸಬ್ಹಾನಿನಲ್ಲಿ ನಾನು ದುಡಿಯುವ ಗೋದಾಮಿನ ಧೂಳು ಮಾರಾಯ್ತಿ, ಮತ್ತೆಂತ ಇಲ್ಲ, ಎಂದು ಎರಡು ವರ್ಷ ಅವನೂ ಹೇಳಿದ, ಡಾಕ್ಟರುಗಳೂ ಹೇಳಿದರು, ಹನಿ ಬಿಟ್ಟದ್ದೇ ಬಿಟ್ಟದ್ದು, ಆಮೇಲೆ ಒಂದು ಬೆಳಿಗ್ಗೆ ರಿಗ್ಗೈಯ ಮನೆಯ ಕನ್ನಡಿಯ ಮುಂದೆ ಎಡಗಣ್ಣಿನ ರೆಪ್ಪೆ ಎಳೆದು ತೋರಿಸಿದ, ಇಸಾ, ಇದೆಂತದು ನೋಡು, ರೆಪ್ಪೆಗೂ ಗುಡ್ಡೆಗೂ ನಡುವೆ ಮಾಂಸದ ಎಳೆ, ರೆಪ್ಪೆಯೇ ಕಣ್ಣಿಗೆ ಅಂಟಿಕೊಳ್ಳುತ್ತಿತ್ತು, ದೇವರೇ. ಮೈಯ ಕಾವಲಿನ ಕಣಗಳೇ ಹಾಗೆ ಮಾಡುವುದು, ಎಂದಿದ್ದರು ಇದೇ ಲ್ಯಾಬಿನ ಡಾಕ್ಟರ್ ನುಹಾ, ಊರು ಉಳ್ಳಾಲ, ಶತ್ರು ಇಲ್ಲದಿದ್ದರೂ ಒಂದು ಎಚ್ಚರಾಗ್ತದೆ, ಅದು ಹತ್ತನ್ನು ಕರೀತದೆ, ಎಲ್ಲ ಸೇರಿ ಸ್ವಂತ ಪೊರೆಯನ್ನೇ ಸುಡ್ತವೆ, ಸುಟ್ಟಲ್ಲಿ ಕಲೆ ಗಟ್ಟಿಯಾಗಿ ಎಳೀತದೆ — ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ! ಹೊಳೆಯುವ ಬಣ್ಣ ಹಚ್ಚಿದ ಮೇಲೆ ಪೊರೆಯ ತಳದಲ್ಲಿ ಹಸಿರು ಗೆರೆ ಕಂಡರೆ ಅದೇ ರೋಗ, ಆ ಕಣಗಳನ್ನು ಮಲಗಿಸುವ ಔಷಧಿ ಇವತ್ತೇ ಶುರು, ಗೆರೆ ಇಲ್ಲದಿದ್ದರೆ ಅಷ್ಟು ಖಾರದ ಔಷಧಿ ಯಾರೂ ಬರೆಯುವುದಿಲ್ಲ, ಈ ಕಣ್ಣೂ ಮುಚ್ಚುತ್ತದೆ, ಕೆಲಸ ಹೋಗುತ್ತದೆ, ಇಲ್ಲಿ ಇರುವ ಪರವಾನಗಿ, ಇಕಾಮಾ, ಅದೂ ಖಲಾಸ್.

ಗಂಡನಿಗೆ ರೋಗ ಇರಲಿ ಎಂದು ಹರಕೆ ಹೊರುವ ಹೆಂಡತಿ ಕುವೈತಿನಲ್ಲಿ ಇವಳೊಬ್ಬಳೇ ಇರಬೇಕು, ನಗು ಬಂತು, ನಗುವಿನ ಬೆನ್ನಿಗೇ ಆ ಬಾಟಲಿ ಬಂತು — ಬೇಡ, ಈಗ ಬೇಡ, ಬೆಳಕನ್ನು ಸ್ವಲ್ಪ ಹೆಚ್ಚಿಸು, ಇನ್ನೊಂದು ಮೂಲೆ ನೋಡು — ಬಂತಲ್ಲ, ಕೊಡಿ ಡಾಕ್ಟ್ರೇ, ನಾನೇ ತಕೊಂಡು ಹೋಗ್ತೇನೆ, ನನ್ನ ಗಂಡನದ್ದಲ್ವಾ, ಎಂದು ಕಣ್ಣಿನ ಡಾಕ್ಟರ ಕೈಯಿಂದ ಎಡಗಣ್ಣಿನ ಮೊದಲ ಚೂರನ್ನು ಜಂಬದಿಂದ ಎತ್ತಿಕೊಂಡು ಬಂದವಳು ಯಾರು, ಈ ಪರೀಕ್ಷೆಗೆ ಬೇರೆಯೇ ದ್ರಾವಣವೆಂದು ಹೊಸಬರಿಗೆ ಪಾಠ ಹೇಳುವವಳು ಯಾರು, ಬೇರೆ ಪರೀಕ್ಷೆಗಳಿಗೆ ದಿನಕ್ಕೆ ಐವತ್ತು ಚೂರು ಫಾರ್ಮಲಿನ್‌ಗೆ ಹಾಕಿ ಹಾಕಿ ಕೈ ತಾನಾಗಿ ಅದನ್ನೂ ಅಲ್ಲಿಗೇ ಹಾಕಿತ್ತು, ಫಾರ್ಮಲಿನ್‌ಗೆ ಬಿದ್ದದ್ದು ಮತ್ತೆ ಹೊಳೆಯುವುದಿಲ್ಲ, ಬಣ್ಣವಿಲ್ಲದ ನೀರಿನಲ್ಲಿ ಅಕ್ಕಿಕಾಳು ತಿರುಗುತ್ತ ಇಳಿಯಿತು, ಅವಳೇ ನೋಡಿದಳು, ನೋಡಿ ಮುಚ್ಚಳ ಹಾಕಿದಳು. ತಪ್ಪು ಗೊತ್ತಾದಾಗ, ಗಂಡನಿಗೆ ನೀನೇ ಹೇಳು ಇಸಾಬೆಲ್, ಎಂದರು ನುಹಾ. ಹೇಳಿದಳು, ಏನೂ ಕಾಣ್ಲಿಲ್ವಂತೆ ಡೋಲ್ಫಿ, ಇನ್ನೊಂದು ತೆಗೀಬೇಕಂತೆ, ಎಡಗಣ್ಣಿನಲ್ಲಿ ಮತ್ತೆ ಕತ್ತರಿಸ್ಲಿಕ್ಕೆ ಜಾಗ ಇಲ್ವಂತೆ, ಎಂದಷ್ಟೇ ಹೇಳಿದಳು, ಅವನು ಪಾಪ ಇನ್ನೊಂದು ಕಣ್ಣನ್ನೂ ತೆರೆದು ಕೊಟ್ಟ.

ಮತ್ತೆ — ಇಲ್ಲಿ, ಎಡಕ್ಕೆ, ಇನ್ನೂ ಎಡಕ್ಕೆ, ಬಂತು, ಹೌದು, ಹಸಿರು, ಒಂದೇ ಗೆರೆ, ಕಡಿಯದೆ, ಪೊರೆಯ ತಳಕ್ಕೆ ಯಾರೋ ಪೆನ್ಸಿಲಿನಲ್ಲಿ ಎಳೆದ ಹಾಗೆ ಈ ತುದಿಯಿಂದ ಆ ತುದಿಗೆ, ಡಾಕ್ಟ್ರೇ, ಬನ್ನಿ, ಬೇಗ ಬನ್ನಿ, ನುಹಾ ಬಗ್ಗಿ ನೋಡಿದರು, ಉಂಟು ಮಾರಾಯ್ತಿ, ಉಂಟು, ಸಂಶಯವೇ ಇಲ್ಲ, ಯಲ್ಲಾ, ಫೋನ್ ಮಾಡು, ನಾನು ಕಣ್ಣಿನವರಿಗೆ ಹೇಳ್ತೇನೆ, ಇಸಾಬೆಲ್ ಕಾರಿಡಾರಿಗೆ ಓಡಿದಳು, ಬೆಳಕು ಕಣ್ಣಿಗೆ ಹೊಡೆಯಿತು, ಸಿಕ್ಕಿತು ಡೋಲ್ಫಿ, ಸಿಕ್ಕಿತು, ಇವತ್ತಿನಿಂದಲೇ ಔಷಧಿ, ಈ ಕಣ್ಣು ಉಳೀತದೆ, ಆ ಕಡೆ ಗೋದಾಮಿನ ಗದ್ದಲ, ಅದರ ಮೇಲೆ ಅವನ ನಗು, ಎಷ್ಟು ತಿಂಗಳ ಮೇಲೆ ಆ ನಗು, ದೇವರು ದೊಡ್ಡವನು ಇಸಾ, ನೀನೇ ಹುಡುಕಿದ್ದಾ, ನೀನೇ? ಅಲ್ಲ ಇಸಾ, ಇಷ್ಟು ಸರಿಯಾಗಿ ಕಾಣುವುದು ಮೊದಲಿನದ್ರಲ್ಲಿ ಯಾಕೆ ಕಾಣ್ಲಿಲ್ಲ — ಸುಮ್ಮನೆ ಕೇಳಿದ, ಸಂತೋಷದಲ್ಲೇ ಕೇಳಿದ, ಗೋಡೆಗೆ ಒರಗಿದಳು, ತಪ್ಪು ಬಾಟಲಿಗೆ ಹಾಕಿದೆ ಡೋಲ್ಫಿ, ನಾನು, ಬೇರೆ ಯಾರೂ ಅಲ್ಲ, ನನ್ನಿಂದ ನಿನ್ನ ಒಳ್ಳೆಯ ಕಣ್ಣಿಗೂ ಕತ್ತರಿ ಬಿತ್ತು — ಆ ಕಡೆ ನಗು ನಿಂತಿತು, ಗದ್ದಲ ಮಾತ್ರ ಉಳಿಯಿತು, ಡೋಲ್ಫಿ, ಕೇಳ್ತದಾ, ಕಣ್ಣು ಮುಚ್ಚಿದರೆ ಹಸಿರು ಗೆರೆ ಇಲ್ಲ, ಬಣ್ಣವಿಲ್ಲದ ನೀರು, ಅದರಲ್ಲಿ ಅಕ್ಕಿಕಾಳು, ತಿರುಗುತ್ತ ಇಳಿಯುತ್ತಿದೆ, ಇನ್ನೂ ತಳ ಮುಟ್ಟಿಲ್ಲ.