ನನ್ನೊಳಗೆ ಯಾರೂ ಇಲ್ಲ

ನಾನು ಒಂದು ಬೀರು. ತಿಪಟೂರಿನ ಶೆಡ್ಡೊಂದರಲ್ಲಿ ತಗಡು ಕತ್ತರಿಸಿ, ಬಗ್ಗಿಸಿ, ಬೆಸುಗೆ ಹಾಕಿ, ಹಸಿರು ಬಣ್ಣ ಹೊಡೆದು ನನ್ನನ್ನು ನಿಲ್ಲಿಸಿದರು. ಒಂದು ಕಡೆ ಅರೆಗಳು, ಇನ್ನೊಂದು ಕಡೆ ಸೀರೆ ತೂಗುಹಾಕಲು ಉದ್ದನೆಯ ಖಾನೆ. ಹಿಡಿಯನ್ನು ಹೊರಗೆ ಮಾತ್ರ ಇಟ್ಟರು. ಒಳಗಿನಿಂದ ಬಾಗಿಲು ತೆಗೆಯಬೇಕಾದವರು ಬೀರುವಿನಲ್ಲಿ ಯಾರಿರುತ್ತಾರೆ?

ನನ್ನನ್ನು ಕೊಂಡವರು ನೀಲಾಂಬಿಕೆ. ಗಂಡ ಇರಲಿಲ್ಲ, ಮಕ್ಕಳಿರಲಿಲ್ಲ. ತೀರಿಹೋದ ತಂಗಿಯ ಮಗಳು ಕಲಾಳನ್ನು ಸಾಕುತ್ತಿದ್ದರು. ಐದು ವರ್ಷದ ಆ ಹುಡುಗಿ ಅಮ್ಮ ಬೇಕೆಂದು ಅಳುತ್ತಿದ್ದಳು, ಹಾಸಿಗೆ ಒದ್ದೆ ಮಾಡುತ್ತಿದ್ದಳು. ಒಂದು ಬೆಳಿಗ್ಗೆ ನೀಲಾಂಬಿಕೆ ಸೀರೆಗಳನ್ನು ಸರಿಸಿ, ಅವಳನ್ನು ನನ್ನ ಉದ್ದ ಖಾನೆಯೊಳಕ್ಕೆ ತಳ್ಳಿ ಬಾಗಿಲು ಹಾಕಿಬಿಟ್ಟರು.

“ಬುದ್ಧಿ ಬರೋ ತನಕ ಅಲ್ಲೇ ಬಿದ್ದಿರು!”

ಕಲಾ ಎರಡೂ ಕೈಯಿಂದ ಬಡಿದಳು. ಬಾಗಿಲು ತೆರೆಯಬೇಕೆಂದು ನಾನೂ ಒದ್ದಾಡಿದೆ. ತಗಡಿನ ಒದ್ದಾಟ ಯಾರಿಗೆ ತಿಳಿಯುತ್ತದೆ? ಈ ಶಿಕ್ಷೆ ವರ್ಷಗಟ್ಟಲೆ ನಡೆಯಿತು. ಬರಬರುತ್ತಾ ಅವಳು ಬಡಿಯುವುದನ್ನೇ ಬಿಟ್ಟಳು. ಮಂಡಿ ಅಪ್ಪಿಕೊಂಡು, ಉಸಿರು ಬಿಗಿಹಿಡಿದು ಕೂರುತ್ತಿದ್ದಳು.

“ಈಗ ಎಷ್ಟು ಸುಧಾರಿಸಿದಾಳೆ ನೋಡಿ,” ಎಂದು ನೀಲಾಂಬಿಕೆ ನೆರೆಯವರ ಮುಂದೆ ಹೇಳಿಕೊಂಡರು. ನನಗೆ ಮೈಯೆಲ್ಲ ಉರಿಯಿತು.

ಕಲಾಳ ಮದುವೆಯಾದಾಗ ದೊಡ್ಡಮ್ಮ ಪ್ರೀತಿಯಿಂದಲೇ ನನ್ನನ್ನು ಅವಳ ಜೊತೆ ಅರಸೀಕೆರೆಗೆ ಕಳಿಸಿದರು. ಗಂಡ ಉಮಾಪತಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯವನು, ಮೆದು ಮಾತಿನವನು. ಕಲಾ ನನ್ನ ಬಾಗಿಲನ್ನು ಎಂದೂ ಮುಚ್ಚುತ್ತಿರಲಿಲ್ಲ. ಸೀರೆಗಳ ಮೇಲೆಲ್ಲ ಧೂಳು. ಬಚ್ಚಲಿನ ಚಿಲಕವನ್ನೂ ಹಾಕುತ್ತಿರಲಿಲ್ಲ. ಬೀದಿಯಲ್ಲಿ ಯಾರಾದರೂ ನಕ್ಕರೆ ತನ್ನನ್ನೇ ಆಡಿಕೊಂಡರೆಂದು ಸೆಟೆದು ನಿಲ್ಲುವಳು. ಉಮಾಪತಿ ಊಟಕ್ಕೆ ಸ್ವಲ್ಪ ತಡಮಾಡಿದರೂ ಇನ್ನು ತನ್ನನ್ನು ಬಿಟ್ಟೇ ಬಿಟ್ಟನೆಂದು ಅಳುವಳು. ಒಂದು ಮಾತು ಶುರುಮಾಡಿ ಅರ್ಧಕ್ಕೇ ಮರೆಯುವಳು.

ಆಮೇಲೆ ಆ ಸದ್ದು ಶುರುವಾಯಿತು.

“ಕೇಳಿಸ್ತಿಲ್ವಾ? ಬೀರು ಒಳಗಿಂದ ಯಾರೋ ಬಡೀತಿದಾರೆ.”

ಉಮಾಪತಿ ಸೀರೆಗಳನ್ನೆಲ್ಲ ಹೊರಗೆ ಹಾಕಿ ತೋರಿಸಿದ. “ನೋಡು ಮಾರಾಯ್ತಿ, ಏನಿದೆ?”

“ನೋಡಕ್ಕೆ ಹೋದಾಗ ಸುಮ್ಮನಾಗ್ತಾರೆ.”

ಯಾರೂ ಇಲ್ಲ ಕಣೇ, ನನ್ನೊಳಗೆ ಯಾರೂ ಇಲ್ಲ ಎಂದು ಕೂಗಿಕೊಳ್ಳಬೇಕೆನಿಸುತ್ತಿತ್ತು. ಯಂತ್ರ ಕಟ್ಟಿಸಿದರು, ಹರಕೆ ಹೊತ್ತರು. ಕೊನೆಗೆ ಉಮಾಪತಿ ಅವಳನ್ನು ಮನೋವೈದ್ಯೆಯ ಬಳಿ ಕರೆದುಕೊಂಡು ಹೋದ. ಆ ವೈದ್ಯೆ ಕೇಳುತ್ತಾ ಹೋದಂತೆ, ಕಲಾ ಯಾರಿಗೂ ಹೇಳದಿದ್ದ ಸಂಗತಿ ಹೊರಬಿತ್ತು. ಅಂದು ಮನೆಗೆ ಬಂದವನೇ ಉಮಾಪತಿ ತನ್ನ ತಾಯಿಗೆ ವಿವರಿಸಿದ.

“ಮಕ್ಕಳ ಮೆದುಳು ಇನ್ನೂ ಬೆಳೀತಾ ಇರುತ್ತಂತಮ್ಮ. ಆಗ ದಿನಾ ಹೆದರಿಸಿದ್ರೆ ಅದು ಹೆದರೋದನ್ನೇ ಕಲಿತುಬಿಡುತ್ತಂತೆ. ದೊಡ್ಡೋರಾದ್ಮೇಲೂ ಸುಮ್‌ಸುಮ್ನೆ ಅಪಾಯ ಅಪಾಯ ಅಂತಾನೇ ಇರುತ್ತಂತೆ. ಇದೊಂದೇ ಕಾರಣ ಅಂತ ಹೇಳಕ್ಕಾಗಲ್ಲ, ಆದ್ರೆ ಇದೂ ಸೇರಿದೆ ಅಂದ್ರು.”

ನೋಡಲು ಬಂದ ದೊಡ್ಡಮ್ಮನನ್ನು ಕಲಾ ನೇರವಾಗಿ ಕೇಳಿದಳು. “ಯಾಕೆ ದೊಡ್ಡಮ್ಮ ನನ್ನನ್ನ ಅದರೊಳಗೆ ಹಾಕ್ತಿದ್ರಿ?”

“ಅಯ್ಯೋ, ಯಾವ ಕಾಲದ ಮಾತೇ ಅದು! ಎಲ್ಲರ ಮನೇಲೂ ಮಕ್ಕಳನ್ನ ಹೆದರಿಸ್ತಾರೆ. ಊಟ ಹಾಕಿದ್ದು ನೆನಪಿಲ್ಲ, ಇದು ನೆನಪಿದೆಯಾ?”

ದೊಡ್ಡಮ್ಮ ಕಾಫಿ ಕುಡಿದು ಬಸ್ಸು ಹತ್ತಿದರು.

ಮರುದಿನವೇ ಉಮಾಪತಿ ನನ್ನನ್ನು ಗುಜರಿಗೆ ಹಾಕಿದ. ಹೋದರೆ ಹೋಗಲಿ, ಆ ಸದ್ದನ್ನೂ ಜೊತೆಯಲ್ಲೇ ಕೊಂಡೊಯ್ಯುತ್ತೇನೆ ಎಂದು ನಾನು ಸಮಾಧಾನಪಟ್ಟುಕೊಂಡೆ.

ಕೆಲವು ವಾರಗಳ ನಂತರ ಇಬ್ಬರೂ ಗುಜರಿ ಅಂಗಡಿಗೆ ಬಂದರು. ಮಾತ್ರೆಗಳಿಂದ ಕಲಾಳ ಮುಖ ಊದಿಕೊಂಡಿತ್ತು.

“ಬೀರು ಇಲ್ದಿದ್ರೂ ಕೇಳಿಸ್ತಿದೆ. ಈಗ ಹೋಗಿ ನೋಡೋಣ ಅಂದ್ರೂ ಅದಿಲ್ಲ. ಅದನ್ನ ಕೊಡಿ,” ಎಂದಳು. “ಬಾಗಿಲು ಬೇಡ. ಕಿತ್ತುಹಾಕಿ.”

ಗುಜರಿಯ ಮೆಹಬೂಬ್ ಸಾಬರು ತಲೆ ಕೆರೆದುಕೊಂಡರು. “ಬಾಗಿಲಿಲ್ದಿರೋ ಬೀರು ಏನಕ್ಕಮ್ಮ?”

“ಮಾರಿದ್ದನ್ನೇ ವಾಪಸ್ ತರೋದಾ? ನನಗೆ ಸಾಕಾಗಿಹೋಗಿದೆ ಕಲಾ!” ಉಮಾಪತಿ ಎಲ್ಲರೆದುರೇ ಕೂಗಿಬಿಟ್ಟ.

“ನನಗೆ ಸಾಕಾಗಿಲ್ವಾ?” ಅವಳೂ ಕೂಗಿದಳು.

ಅವನು ಜೇಬಿನಿಂದ ದುಡ್ಡು ತೆಗೆದು ಸಾಬರ ಕೈಗಿಟ್ಟ. ಬಾಗಿಲು ಕತ್ತರಿಸುವಾಗ ಕಿಡಿ ಹಾರಿತು. ಕಲಾ ಕೊನೆಯವರೆಗೂ ನಿಂತು ನೋಡಿದಳು.

ಈಗ ನಾನು ಅವರ ಹಿತ್ತಿಲ ಗೋಡೆಗೆ ಒರಗಿ ನಿಂತಿದ್ದೇನೆ. ಕಾಲೆಲ್ಲ ತುಕ್ಕು. ಸದ್ದು ಕೇಳಿಸಿದಾಗ ಕಲಾ ಬರುತ್ತಾಳೆ, ಖಾನೆಯೊಳಗೆ ಕೈಯಾಡಿಸಿ ಹೋಗುತ್ತಾಳೆ. ಕೆಲವು ದಿನ ಅಷ್ಟಕ್ಕೇ ಸಮಾಧಾನ. ಇನ್ನು ಕೆಲವು ದಿನ ಅಡುಗೆಮನೆ ಮುಟ್ಟುವ ಮೊದಲೇ ಮತ್ತೆ ತಿರುಗಿ ಬರುತ್ತಾಳೆ. ಬಾಗಿಲು ಕಿತ್ತಷ್ಟು ಸುಲಭಕ್ಕೆ ಅವಳ ಭಯ ಕಿತ್ತುಬರುತ್ತಿಲ್ಲವಲ್ಲ ಎಂದು ನಾನು ಸಿಡಿಮಿಡಿಗೊಳ್ಳುತ್ತೇನೆ.

ನಿನ್ನೆ ಬಂದವಳು ನನ್ನ ಉದ್ದ ಖಾನೆಯನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ಭುಜವೂ ಅದರಲ್ಲಿ ಹಿಡಿಸುವಂತಿರಲಿಲ್ಲ.

“ಥೂ,” ಎಂದಳು, “ಇಷ್ಟೇನಾ ನೀನು?”