ಖಾಲಿ ಬಿಟ್ಟ ಮೂಲಚೀಟಿ

ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಮಕ್ಕಳು ಏನೇ ಬರೆದು ತಂದರೂ ಅದರ ಹಿಂದೆ ಅಂಗೈಯಗಲದ ಒಂದು ಚೀಟಿ ಅಂಟಿಸಬೇಕು. ಯಾವ ಮಾತು ಯಾರದು, ಎಲ್ಲಿ ಸಿಕ್ಕಿತು ಎಂದು ಅದರಲ್ಲಿ ಬರೆಯಬೇಕು. ಪುಸ್ತಕದ್ದಾದರೆ ಪುಟದ ಸಂಖ್ಯೆ, ಮೊಬೈಲಿನಲ್ಲಿ ನೋಡಿದ್ದಾದರೆ ನೋಡಿದ ದಿನ, ಅಜ್ಜ ಹೇಳಿದ್ದಾದರೆ "ಅಜ್ಜ", ಸ್ವಂತದ್ದಾದರೆ "ನನ್ನದೇ". ಇದಕ್ಕೆ ಮೂಲಚೀಟಿ ಎಂದು ಹೆಸರಿಟ್ಟವನು, ಕನ್ನಡ ಪಾಠದ ಜೊತೆಗೆ ಗ್ರಂಥಾಲಯವನ್ನೂ ನೋಡಿಕೊಳ್ಳುವ ನಾನು. ಚೀಟಿ ಖಾಲಿಯಿದ್ದ ಬರಹವನ್ನು ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ತೆಗೆದುಕೊಂಡವನಲ್ಲ. ಬೆನ್ನ ಹಿಂದೆ ಮಕ್ಕಳು ನನ್ನನ್ನು "ಎಲ್ಲಿಂದ ಸರ್" ಎಂದು ಕರೆಯುತ್ತಾರೆ.

ನನ್ನ ಹೆಂಡತಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಗೋಡೆಪತ್ರಿಕೆಗೆ ಒಂದು ಕಥೆ ಆರಿಸಲು ಒಂಬತ್ತನೇ ತರಗತಿಯವರ ಹಾಳೆಗಳನ್ನು ಹರಡಿಕೊಂಡು ಕುಳಿತಿದ್ದೆ. ಗುಬ್ಬಿ ಎಂದು ಎಲ್ಲರೂ ಕರೆಯುವ ಸಣ್ಣ ದನಿಯ ಹುಡುಗಿಯ ಕಥೆ ಕೈಗೆ ಬಂತು. ಅದರಲ್ಲಿ ಸಾಯಲಿರುವ ಮುದುಕಿಯೊಬ್ಬಳು ಗಂಡನಿಗೆ ಹೇಳುತ್ತಾಳೆ: "ನಾನು ಹೋದ ಮೇಲೆ ಮನೇಲಿ ಏನಾದ್ರೂ ಸದ್ದಾದ್ರೆ ಹೆದರಬೇಡಿ. ನೀವು ಒಲೆ ಆರಿಸಿದ್ದೀರೋ ಇಲ್ವೋ ಅಂತ ನೋಡೋಕೆ ಬಂದಿರ್ತೀನಿ."

ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದೆ. ಅಕ್ಷರ ಹುಡುಗಿಯದು. ಮಾತು ನನ್ನ ಹೆಂಡತಿಯದು. ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ, ಬಾಗಿಲು ಮುಚ್ಚಿದ್ದಾಗ, ನನ್ನ ಕೈ ಹಿಡಿದು ಅವಳು ಆಡಿದ ಮಾತು. ನಾನು ಅದನ್ನು ಯಾರ ಮುಂದೆಯೂ ಆಡಿರಲಿಲ್ಲ.

ಮನೆಯಲ್ಲಿ ಸದ್ದು ಆಗುತ್ತಲೂ ಇತ್ತು. ಸಂಜೆ ದೇವರ ಮುಂದೆ ಕಣ್ಣು ಮುಚ್ಚಿದರೆ ಅಡುಗೆಮನೆಯಲ್ಲಿ ಮುಚ್ಚಳವೊಂದು ಸರಿದು ಕೂತಂತೆ ಕೇಳಿಸುವುದು. ಎದ್ದು ಹೋಗಿ ನೋಡಿದರೆ ಒಲೆ ಆರಿರುವುದು, ಯಾರೂ ಇಲ್ಲ. ಅವಳದೊಂದು ಮಾತು ಕೇಳಿಸು ಎಂದು ದಿನವೂ ದೇವರನ್ನು ಬೇಡುತ್ತಿದ್ದೆ. ಆ ಮಾತು ಈಗ ಮಗುವಿನ ದುಂಡು ಅಕ್ಷರದಲ್ಲಿ ನನ್ನ ಮೇಜಿನ ಮೇಲಿತ್ತು. ಹಾಳೆ ತಿರುಗಿಸಿದೆ. ಚೀಟಿ ಖಾಲಿ. "ನನ್ನದೇ" ಎಂದು ಕೂಡ ಇರಲಿಲ್ಲ.

ಹುಡುಗಿಯನ್ನು ಕರೆದು ಕೇಳಬೇಕಿತ್ತು. ಕೇಳಲಿಲ್ಲ. ಕೇಳಿದರೆ ಉತ್ತರವೊಂದು ಬಂದುಬಿಡುತ್ತದೆ ಎಂದು ಹೆದರಿದೆ. ಕಥೆಯನ್ನು ನಾನೇ ಗೋಡೆಪತ್ರಿಕೆಗೆ ಚುಚ್ಚಿದೆ. ವಾರವಿಡೀ, ಮಕ್ಕಳೆಲ್ಲ ತರಗತಿಗೆ ಹೋದ ಮೇಲೆ, ಅದರ ಮುಂದೆ ನಿಂತೆ. ಮನೆಯಲ್ಲಿ ಸದ್ದಾದಾಗ ಈಗ ಎದ್ದು ಹೋಗುತ್ತಿರಲಿಲ್ಲ. ಕುಳಿತಲ್ಲಿಂದಲೇ, "ಆರಿಸಿದ್ದೀನಿ ಕಣೇ" ಎನ್ನುತ್ತಿದ್ದೆ.

ಎಂಟನೆಯ ದಿನ ತರಗತಿಯಲ್ಲಿ, ಕೊಕ್ಕರೆ ಎಂದು ಎಲ್ಲರೂ ಕರೆಯುವ ಉದ್ದ ಕಾಲಿನ ಹುಡುಗ ಎದ್ದು ನಿಂತ.

"ಸರ್, ಒಂದು ಪುಟದ ನಂಬರ್ ಬಿಟ್ಟಿದ್ದಕ್ಕೆ ನನ್ನನ್ನ ಮೂರು ಸಲ ಓಡಾಡಿಸಿದ್ರಿ. ಗುಬ್ಬಿ ಚೀಟಿ ಪೂರ್ತಿ ಖಾಲಿ. ಪಿನ್ನು ತೆಗೆದು ನೋಡಿದ್ವಿ. ಅವಳದ್ದು ಮಾತ್ರ ಗೋಡೆ ಮೇಲೆ!"

"ಗುಬ್ಬಿ ಇನ್ನೆಲ್ಲೋ ಕೂರೋದು?" ಎಂದರು ಹಿಂದಿನ ಬೆಂಚಿನವರು. ಎಲ್ಲರೂ ನಕ್ಕರು. ಗುಬ್ಬಿ ತಲೆ ತಗ್ಗಿಸಿದಳು. ನಾನೂ ತಗ್ಗಿಸಿದೆ.

ವಿರಾಮದಲ್ಲಿ ಅವಳನ್ನು ಕರೆದೆ. ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆಯನ್ನೇ ಕೇಳಿದೆ. "ಒಲೆಯ ಮಾತು... ಎಲ್ಲಿಂದಮ್ಮ?"

ಅವಳು ಅಳತೊಡಗಿದಳು. "ಅಮ್ಮ ಹೇಳಿದ್ದು ಸರ್. ಅಮ್ಮ ಆಸ್ಪತ್ರೇಲಿ ನರ್ಸು. ಅಲ್ಲೊಬ್ರು ಅಜ್ಜಿ ಹಾಗಂದ್ರಂತೆ. ರೋಗಿಗಳ ಮಾತು ಹೊರಗೆ ಆಡಬಾರದು ಅಂತ ಅಲ್ಲಿ ರೂಲ್ಸು. ಅಮ್ಮನ ಹೆಸರು ಬರೆದ್ರೆ ಅಮ್ಮನಿಗೆ ತೊಂದರೆ. 'ನನ್ನದೇ' ಅಂತ ಬರೆದ್ರೆ ಸುಳ್ಳು. ಅದಕ್ಕೇ ಖಾಲಿ ಬಿಟ್ಟೆ."

"ಯಾರ ಮಾತು, ಎಲ್ಲಿ ಸಿಕ್ತು ಅನ್ನೋದೇನೋ ನಿನಗೆ ಗೊತ್ತಿತ್ತು. ತಗೋಬಹುದಾ ಅಂತ ಕೇಳಿಕೊಂಡೆಯಾ?"

"ಚೀಟೀಲಿ ಅದಕ್ಕೆ ಜಾಗಾನೇ ಇಲ್ವಲ್ಲ ಸರ್."

ಅವಳು ಎದುರುತ್ತರ ಕೊಟ್ಟದ್ದಲ್ಲ. ನಿಜವಾಗಿಯೂ ಜಾಗವಿರಲಿಲ್ಲ.

"ಆ ಅಜ್ಜಿ ನಮ್ಮ ಮನೆಯವಳು" ಎಂದೆ. ಹುಡುಗಿಯ ಅಳು ನಿಂತುಹೋಯಿತು. ಕೆನ್ನೆ ಒರೆಸಿಕೊಂಡು, "ನನಗೆ ಸೊನ್ನೆನಾ ಸರ್?" ಎಂದಳು.

"ಬೇರೆ ಕಥೆ ಬರಿ. ಖಾಲಿ ಚೀಟಿ ತಗೊಂಡವನು ನಾನು."

ಅವಳ ಎದುರಿಗೇ ಹಾಳೆಯನ್ನು ಗೋಡೆಯಿಂದ ಬಿಡಿಸಿದೆ. ಅಂದು ಸಂಜೆ ಮನೆಯಲ್ಲಿ ಯಾವ ಸದ್ದೂ ಆಗಲಿಲ್ಲ. ಕಿವಿ ನೆಟ್ಟು ಕುಳಿತೆ. ಆ ನಿಶ್ಶಬ್ದ ನನ್ನ ಹೆಂಡತಿ ಎರಡನೇ ಸಲ ತೀರಿಹೋದ ಹಾಗಿತ್ತು.

ಮರುದಿನ ಬೆಳಗಿನ ಪಾಳಿ ಮುಗಿಸಿ ಗುಬ್ಬಿಯ ತಾಯಿ ಗ್ರಂಥಾಲಯಕ್ಕೆ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ತಪ್ಪಾಯ್ತು ಸರ್. ಊಟಕ್ಕೆ ಕೂತಾಗ ಮಗಳ ಹತ್ರ ಬಾಯಿ ಜಾರಿತು. ಹೆಸರು ಹೇಳಿರಲಿಲ್ಲ, ದೇವರಾಣೆ."

"ಬಾಗಿಲು ಮುಚ್ಚಿತ್ತು ಕಣಮ್ಮ. ನಿಮಗೆ ಹೇಗೆ ಕೇಳಿಸ್ತು?"

"ಅವತ್ತು ಕೇಳಿಸಿಕೊಂಡಿದ್ದಲ್ಲ ಸರ್. ಹಿಂದಿನ ದಿನಾನೇ ನನ್ನ ಹತ್ರ ಹೇಳಿ ನೋಡಿದ್ರು. 'ಸಿಸ್ಟರ್, ಹೀಗಂದ್ರೆ ನಮ್ಮ ಯಜಮಾನ್ರು ಹೆದರ್ತಾರಾ, ನಗ್ತಾರಾ?' ಅಂದ್ರು. ನಗ್ತಾರೆ ಅಂದೆ."

ನಾನು ಅಂದು ನಕ್ಕಿದ್ದೆ. ಹೌದು, ನಕ್ಕಿದ್ದೆ. ನನಗೊಬ್ಬನಿಗೇ ದಕ್ಕಿದ್ದು ಎಂದುಕೊಂಡ ಮಾತನ್ನು ಮೊದಲು ಕೇಳಿದವಳು ಈಕೆ.

ಅವಳು ಸೆರಗಿನ ತುದಿ ಸುತ್ತುತ್ತ ಮುಂದುವರಿಸಿದಳು. "ಇನ್ನೊಂದು ಮಾತೂ ಹೇಳಿ ನೋಡಿದ್ರು. ಆಮೇಲೆ, ಇದು ಬೇಡ, ಅವರು ತಡ್ಕೊಳ್ಳಲ್ಲ, ನಿಮ್ಮ ಹತ್ರಾನೇ ಇರಲಿ ಅಂದ್ರು. ಅದನ್ನ ಮಗಳಿಗೂ ಹೇಳಿಲ್ಲ. ಆದ್ರೆ ನಿಮಗಿಷ್ಟು ನೋವಾಗಿದೆ. ನೀವು ಕೇಳಿದ್ರೆ ಹೇಳಿಬಿಡ್ತೀನಿ ಸರ್."

ಹೇಳಮ್ಮ ಎಂಬುದು ನಾಲಿಗೆಯ ತುದಿಗೇ ಬಂತು. ನಾಲ್ಕು ತಿಂಗಳು ಬೇಡಿದ್ದು ಮೂರು ಹೆಜ್ಜೆ ದೂರದಲ್ಲಿ ನಿಂತಿತ್ತು. ನಲವತ್ತೊಂದು ವರ್ಷ ಜೊತೆಗೆ ಬಾಳಿದವನು ನಾನು, ನನಗಿಲ್ಲದ ಹಕ್ಕು ಯಾರಿಗೆ ಎಂದು ಒಳಗೊಬ್ಬ ಕೂಗುತ್ತಿದ್ದ. ಮೇಜಿನ ಅಂಚನ್ನು ಹಿಡಿದುಕೊಂಡೆ.

"ಬೇಡಮ್ಮ" ಎಂದೆ. "ಅವಳು ಅದನ್ನ ನನಗೆ ಅಂತ ಕೊಟ್ಟಿದ್ದಲ್ಲ."

ಅವಳು ಉಸಿರು ಬಿಟ್ಟಳು. ಕೈ ಮುಗಿದು ಹೋದಳು. ಅವಳ ಚಪ್ಪಲಿಯ ಸದ್ದು ಮೆಟ್ಟಿಲಿಳಿಯುವವರೆಗೂ ಕೂಗಿ ಕರೆಯದಿರಲು ತುಟಿ ಕಚ್ಚಿಕೊಂಡಿದ್ದೆ.

ಈಗಲೂ ಒಮ್ಮೊಮ್ಮೆ ಬಸ್ ನಿಲ್ದಾಣದಲ್ಲಿ ಅವಳು ಸಿಗುತ್ತಾಳೆ. "ಊಟ ಆಯ್ತಾ ಸರ್?" ಎನ್ನುತ್ತಾಳೆ. "ಆಯ್ತಮ್ಮ" ಎನ್ನುತ್ತೇನೆ. ಮಾತಾಡುವಾಗ ಅವಳ ತುಟಿಯನ್ನೇ ನೋಡುತ್ತಿರುತ್ತೇನೆ. ನನ್ನ ಹೆಂಡತಿ ಅಲ್ಲೆಲ್ಲೋ ಒಳಗೆ ಬಾಗಿಲು ಹಾಕಿಕೊಂಡು ಕುಳಿತಿರುವ ಹಾಗೆ ಅನಿಸುತ್ತದೆ. ಅಷ್ಟರಲ್ಲಿ ಬಸ್ಸು ಬರುತ್ತದೆ.

ಸಂಜೆ ದೇವರ ಮುಂದೆ ಕುಳಿತಾಗ ಒಂದು ಮಾತು ಕೇಳಿಸು ಎಂದು ನಾನೀಗ ಬೇಡುವುದಿಲ್ಲ. ಆ ತಾಯಿಗೆ ಆಯುಸ್ಸು ಕೊಡು ಎಂದು ಬೇಡುತ್ತೇನೆ.